ಕಪ್ಪುಕುಳಿ ಉಂಟಾ, ಇಲ್ವಾ? ಉಡುಪಿಯ ಒಂದು ಭಾಷಣದ ಪ್ರಕರಣ

ಅಂಕದ ಹಾಳೆಯ ಕೆಳಗೆ ಕೆಂಪು ಪೆನ್ನಿನಲ್ಲಿ ಮೂರು ಪದ ಬರೆದಿತ್ತು: ‘ವೈಜ್ಞಾನಿಕ ಮನೋಭಾವಕ್ಕೆ ವಿರುದ್ಧ’. ವಿಷಯ ಜ್ಞಾನಕ್ಕೆ 20ರಲ್ಲಿ 6 ಅಂಕ. ಆ ಹಾಳೆ ಹಿಡಿದುಕೊಂಡು ಹುಡುಗಿ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ನಿಂತಿದ್ದಳು. ಮಲ್ಪೆ ಬಸ್ಸು ಬರುವ ತನಕ ಒಂದು ಮಾತೂ ಆಡಲಿಲ್ಲ. ಹತ್ತುವಾಗ ತಿರುಗಿ ಕೇಳಿದ್ದು ಇಷ್ಟೇ: “ಸರ್, ಹಾಗಾದ್ರೆ ಅದು ಉಂಟಾ, ಇಲ್ವಾ?”

ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವವನು. ಉತ್ತರ ಬಾಯಿಗೆ ಬರಲಿಲ್ಲ. ‘ಉಂಟು’ ಅಂದರೆ ಅವಳ ಇಡೀ ಭಾಷಣ ತಪ್ಪು ಎಂದಾಗುತ್ತಿತ್ತು. ‘ಇಲ್ಲ’ ಅಂದರೆ ನಾನು ಸುಳ್ಳು ಹೇಳಿದ ಹಾಗೆ. ಆ ಸಂಜೆಯಿಂದ ಶುರುವಾದ ಹುಡುಕಾಟದ ಪೂರ್ತಿ ವಿವರ ಇಲ್ಲಿದೆ. ಹುಡುಗಿಯ ಮತ್ತು ಅವಳ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ನಡೆದದ್ದು

ಕಳೆದ ನವೆಂಬರ್‌ನಲ್ಲಿ ಪಿಯು ಮಕ್ಕಳಿಗೆ ಒಂದು ವಿಜ್ಞಾನ ಭಾಷಣ ಸ್ಪರ್ಧೆ ಇತ್ತು. ಎಂಟು ನಿಮಿಷ ಮಾತು, ಎರಡು ನಿಮಿಷ ಪ್ರಶ್ನೆ. ವಿಷಯ ಅವರವರ ಇಷ್ಟ. ಈ ಹುಡುಗಿ ಹೈಸ್ಕೂಲಿನಲ್ಲಿದ್ದಾಗ ಮಂಗಳೂರಿನ ಪಿಲಿಕುಳಕ್ಕೆ ಹೋಗಿದ್ದಳು. ಅಲ್ಲಿನ ಸ್ವಾಮಿ ವಿವೇಕಾನಂದ ತಾರಾಲಯದಲ್ಲಿ ಕುರ್ಚಿಗೆ ಒರಗಿ ಮೇಲೆ ನೋಡಿದ್ದು ಅವಳ ತಲೆಯಿಂದ ಹೋಗಿರಲಿಲ್ಲ. ‘ಕಪ್ಪುಕುಳಿ ನಿಜವಾಗಿ ಇದೆಯಾ?’ ಎನ್ನುವ ವಿಷಯವನ್ನು ಅವಳೇ ಆರಿಸಿಕೊಂಡಳು. ಕಪ್ಪುಕುಳಿ ಅಂದರೆ ಬ್ಲ್ಯಾಕ್ ಹೋಲ್, ಬೆಳಕೂ ಹೊರಬರಲಾರದಷ್ಟು ಬಲವಾಗಿ ಎಳೆಯುವ ವಸ್ತು.

ಭಾಷಣ ‘ಇಲ್ಲ’ ಎನ್ನುವ ಪಕ್ಷ ಹಿಡಿದಿತ್ತು. ಮೂವರು ದೊಡ್ಡವರ ಮೇಲೆ ನಿಂತಿತ್ತು. 1935ರಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಎಡಿಂಗ್ಟನ್ ಇಲ್ಲ ಅಂದರು. 1939ರಲ್ಲಿ ಐನ್‌ಸ್ಟೈನ್ ಇಲ್ಲ ಅಂದರು. 2014ರಲ್ಲಿ ಹಾಕಿಂಗ್ ಕೂಡ ಇಲ್ಲ ಅಂದರು. ಹಾಗಾದರೆ ಇದೆ ಎನ್ನುವುದು ಯಾರ ಮಾತು? ಹೀಗೆ ಕೇಳಿ ಅವಳು ನಿಲ್ಲಿಸಿದಾಗ ಸಭೆ ಜೋರಾಗಿ ಚಪ್ಪಾಳೆ ತಟ್ಟಿತು.

ಆಮೇಲೆ ತೀರ್ಪುಗಾರರು ಕೇಳಿದರು: “2019ರಲ್ಲಿ ಫೋಟೋ ಬಂತಲ್ಲ ಮಗಾ, ಅದು ಎಂತದ್ದು? ನೊಬೆಲ್ ಕೊಟ್ಟದ್ದು ಎಂತಕ್ಕೆ?”

ಅವಳು ಸುಮ್ಮನಾದಳು. ಎರಡು ನಿಮಿಷ ಹಾಗೇ ಮುಗಿಯಿತು.

ಇಲ್ಲಿ ನನ್ನ ತಪ್ಪನ್ನು ಮೊದಲೇ ಹೇಳಿಬಿಡಬೇಕು. ಹಾಕಿಂಗ್ ಮಾತಿನ ಪೇಪರ್ ತುಂಡು ಕೊಟ್ಟವನು ನಾನು. 2014ರಲ್ಲಿ ಕತ್ತರಿಸಿ ಫೈಲಿನಲ್ಲಿ ಇಟ್ಟುಕೊಂಡಿದ್ದೆ. ‘ಕಪ್ಪುಕುಳಿಗಳೇ ಇಲ್ಲ’ ಎನ್ನುವುದು ಅದರ ತಲೆಬರಹ. ಹಾಕಿಂಗ್ ಬರೆದ ಮೂಲ ಲೇಖನ ಬರೀ ನಾಲ್ಕು ಪುಟದ್ದು, ಯಾರು ಬೇಕಾದರೂ ತೆಗೆದು ಓದಬಹುದು. ಅಷ್ಟು ವರ್ಷ ನಾನು ಅದನ್ನು ತೆರೆದಿರಲಿಲ್ಲ. ತಲೆಬರಹವನ್ನು ನಂಬಿ ಮಗುವಿನ ಕೈಗೆ ಕೊಟ್ಟೆ.

ತೀರ್ಪುಗಾರರ ಸಿಟ್ಟೂ ನನಗೆ ಅರ್ಥವಾಗುತ್ತದೆ. ‘ವಿಜ್ಞಾನಿಗಳಿಗೇ ಗೊತ್ತಿಲ್ಲ’ ಎನ್ನುವ ಮಾತನ್ನು ನಮ್ಮಲ್ಲಿ ಯಾವುದಕ್ಕೆಲ್ಲ ಬಳಸುತ್ತಾರೆ! ಗ್ರಹಣದ ದಿನ ಮಕ್ಕಳನ್ನು ಮನೆಯೊಳಗೆ ಕೂಡಿಹಾಕುವುದಕ್ಕೂ ಅದೇ ಮಾತು. ಅದನ್ನು ವಿಜ್ಞಾನದ ವೇದಿಕೆಯಲ್ಲೇ ಕೇಳಿದರೆ ಯಾರಿಗಾದರೂ ಬೇಸರ ಆಗುತ್ತದೆ. ಆದರೂ ಆ ಮೂರು ಪದ ಸರಿಯಾ? ಇದೇ ಈ ಪ್ರಕರಣದ ಪ್ರಶ್ನೆ.

ಜಗಲಿಯ ನಾಲ್ಕು ಭಾನುವಾರ

ನಮ್ಮ ಮನೆಯ ಜಗಲಿಯಲ್ಲಿ ನಾಲ್ಕು ಭಾನುವಾರ ಕೂತೆವು. ಹುಡುಗಿ, ಅವಳ ತರಗತಿಯ ಒಬ್ಬ ಹುಡುಗ, ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ನೌಕರರು, ನಾನು. ಹುಡುಗ ತೀರ್ಪುಗಾರರ ಪಕ್ಷ. ‘ಫೋಟೋ ಉಂಟಲ್ಲ, ಇನ್ನೆಂತ ಚರ್ಚೆ?’ ಎನ್ನುವವನು. ನೆರೆಯವರಿಗೆ ಆಕಾಶದ ಹುಚ್ಚು. ಒಂದು ಸಣ್ಣ ದೂರದರ್ಶಕ ಇಟ್ಟುಕೊಂಡಿದ್ದಾರೆ. ನಿಯಮ ಒಂದೇ ಮಾಡಿಕೊಂಡೆವು. ಯಾರು ‘ಇದೆ’ ಅಂದರೂ ‘ಇಲ್ಲ’ ಅಂದರೂ, ಯಾವುದು ಇದೆ, ಯಾವುದು ಇಲ್ಲ ಎಂದು ಬಿಡಿಸಿ ಹೇಳಬೇಕು.

ಮೊದಲು ಎಡಿಂಗ್ಟನ್. ಕತೆ ನಮ್ಮ ದೇಶದ ವಿಜ್ಞಾನಿ ಎಸ್. ಚಂದ್ರಶೇಖರ್ ಅವರಿಂದ ಶುರುವಾಗುತ್ತದೆ. 1930ರಲ್ಲಿ, 19ರ ವಯಸ್ಸಿನಲ್ಲಿ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕೂತು ಅವರು ಒಂದು ಲೆಕ್ಕ ಮಾಡಿದರು. ಉರಿದು ಮುಗಿದ ನಕ್ಷತ್ರ ಕುಗ್ಗಿ ಶ್ವೇತಕುಬ್ಜ ಎನ್ನುವ ಚಿಕ್ಕ, ಒತ್ತಾದ ನಕ್ಷತ್ರ ಆಗುತ್ತದೆ. ಆದರೆ ಅದರ ತೂಕಕ್ಕೆ ಒಂದು ಮಿತಿ ಇದೆ, ಸೂರ್ಯನ ಸುಮಾರು 1.4 ಪಟ್ಟು. ಅದಕ್ಕಿಂತ ಜಾಸ್ತಿ ತೂಕ ಇದ್ದರೆ ಕುಗ್ಗುವುದು ಅಲ್ಲಿಗೆ ನಿಲ್ಲುವುದಿಲ್ಲ. 1935ರ ಜನವರಿಯಲ್ಲಿ ಲಂಡನ್ನಿನ ಸಭೆಯಲ್ಲಿ ಚಂದ್ರಶೇಖರ್ ಇದನ್ನು ಹೇಳಿದ ಕೂಡಲೇ ಎಡಿಂಗ್ಟನ್ ಎದ್ದು ನಿಂತು ತಳ್ಳಿಹಾಕಿದರು. ಅವರಿಗೆ ಲೆಕ್ಕ ಅರ್ಥವಾಗದೆ ಅಲ್ಲ. ಈ ಲೆಕ್ಕ ಹಿಡಿದು ಹೋದರೆ ಬೆಳಕೂ ಹೊರಬರಲಾರದ ಸ್ಥಿತಿಗೆ ನಕ್ಷತ್ರ ಮುಟ್ಟುತ್ತದೆ ಎನ್ನುವುದು ಆ ಸಭೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವರಿಗೇ ಕಂಡಿತ್ತು. ಹಾಗೆ ಆಗಬಾರದು, ನಕ್ಷತ್ರ ಹಾಗೆ ನಡೆದುಕೊಳ್ಳದಂತೆ ತಡೆಯುವ ಒಂದು ನಿಯಮ ಪ್ರಕೃತಿಯಲ್ಲಿ ಇರಲೇಬೇಕು ಎಂದರು. ಅಂಥ ನಿಯಮ ಸಿಗಲಿಲ್ಲ. ಚಂದ್ರಶೇಖರ್ ಅವರಿಗೆ ನೊಬೆಲ್ ಬಂದದ್ದು 1983ರಲ್ಲಿ. ಈ ಕತೆ ಓದುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. 24 ವರ್ಷದ ಹುಡುಗ, ಎದುರಿಗೆ ಜಗತ್ತಿನ ಅತಿ ದೊಡ್ಡ ಖಗೋಳ ವಿಜ್ಞಾನಿ, ನಗುವ ಸಭೆ.

ಐನ್‌ಸ್ಟೈನ್ ಅವರ 1939ರ ಲೇಖನ ಬೇರೆ ಥರದ್ದು. ಅವರು ವೃತ್ತದಲ್ಲಿ ಸುತ್ತುವ ಕಣಗಳ ಒಂದು ಗುಂಪನ್ನು ಕಲ್ಪಿಸಿಕೊಂಡರು. ಗುಂಪನ್ನು ತುಂಬಾ ಚಿಕ್ಕದು ಮಾಡಿದರೆ ಕಣಗಳು ಬೆಳಕಿಗಿಂತ ವೇಗವಾಗಿ ಸುತ್ತಬೇಕಾಗುತ್ತದೆ. ಅದು ಆಗದ ಮಾತು. ಹಾಗಾಗಿ ಅಂಥ ವಸ್ತು ನಿಜ ಜಗತ್ತಿನಲ್ಲಿ ಇಲ್ಲ ಎಂದರು. ಲೆಕ್ಕ ಸರಿ. ಆದರೆ ಕಣಗಳು ಸುತ್ತುತ್ತಾ ತಮ್ಮ ಜಾಗದಲ್ಲೇ ನಿಂತಿರುತ್ತವೆ ಎಂದು ಅವರು ಹಿಡಿದುಕೊಂಡಿದ್ದರು. ನಕ್ಷತ್ರ ನಿಲ್ಲದೆ ಒಳಗೆ ಕುಸಿದರೆ? ಅದೇ ವರ್ಷ ಸೆಪ್ಟೆಂಬರ್ 1ಕ್ಕೆ, ಎರಡನೇ ಮಹಾಯುದ್ಧ ಶುರುವಾದ ದಿನವೇ, ಓಪನ್‌ಹೈಮರ್ ಮತ್ತು ಸ್ನೈಡರ್ ಅವರ ಲೇಖನ ಅಚ್ಚಾಗಿ ಬಂತು. ಅವರು ಕುಸಿಯುವ ನಕ್ಷತ್ರದ ಲೆಕ್ಕ ಮಾಡಿದ್ದರು. ಅಲ್ಲಿ ಯಾವ ತಡೆಯೂ ಕಾಣಲಿಲ್ಲ.

“ಹಾಗಾದ್ರೆ ನನ್ನ ಭಾಷಣದ ಎರಡು ಕಂಬ ಬಿದ್ದವು” ಎಂದಳು ಹುಡುಗಿ. ಬಿದ್ದದ್ದು ಹೌದು. ಆದರೆ ಓಪನ್‌ಹೈಮರ್ ಲೇಖನದೊಳಗೇ ಅವಳಿಗೆ ಒಂದು ಹೊಸ ಕಂಬ ಸಿಕ್ಕಿತು. ದೂರದಿಂದ ನೋಡುವವರ ಗಡಿಯಾರದಲ್ಲಿ ಆ ಕುಸಿತ ಯಾವತ್ತೂ ಮುಗಿಯುವುದಿಲ್ಲ. ಬೆಳಕು ಬರುವುದು ತಡವಾಗುತ್ತಾ, ಕೆಂಪಾಗುತ್ತಾ ಹೋಗುತ್ತದೆ. ಹಳೆಯ ಸೋವಿಯತ್ ವಿಜ್ಞಾನಿಗಳು ಇದನ್ನು ‘ಹೆಪ್ಪುಗಟ್ಟಿದ ನಕ್ಷತ್ರ’ ಎಂದೇ ಕರೆಯುತ್ತಿದ್ದರು. ನಮ್ಮ ಪಾಲಿಗೆ ಆಗಿ ಮುಗಿಯದ್ದನ್ನು ‘ಇದೆ’ ಅನ್ನಬಹುದಾ? ಇದು ನಿಜಕ್ಕೂ ಒಳ್ಳೆಯ ಪ್ರಶ್ನೆ. ನನ್ನ ಉತ್ತರ ಇದು: ಸೂರ್ಯನ ಹತ್ತು ಪಟ್ಟು ತೂಕದ ನಕ್ಷತ್ರ ಕುಸಿದರೆ ಅಂಚಿನ (ದಾಟಿದರೆ ಬೆಳಕೂ ಮರಳಲಾರದ ಗಡಿಯ) ಬಳಿಯ ಬೆಳಕು ಕೆಲವೇ ಮಿಲಿಸೆಕೆಂಡುಗಳಲ್ಲಿ ಆರಿಹೋಗುತ್ತದೆ. ನಕ್ಷತ್ರದ ಜೊತೆ ಒಳಗೆ ಬಿದ್ದವನ ಗಡಿಯಾರದಲ್ಲಿ ಕುಸಿತ ಮುಗಿದೇ ಹೋಗಿರುತ್ತದೆ. ದೂರದವರಿಗೆ ಕಾಣದೆ ಇರುವುದು ಬೇರೆ, ಇಲ್ಲದೆ ಇರುವುದು ಬೇರೆ. ಹುಡುಗಿ ಅರ್ಧ ಮಾತ್ರ ಒಪ್ಪಿದಳು.

ನೆರೆಯವರು ಇನ್ನೊಂದು ವಾದ ತಂದರು. ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿದ್ದ ಅಭಾಸ್ ಮಿತ್ರಾ ಅವರು 2000ರಲ್ಲಿ ಪ್ರಕಟಿಸಿದ ಲೇಖನ. ಕುಸಿಯುವ ವಸ್ತು ಬೆಳಕಾಗಿ ತನ್ನ ಶಕ್ತಿಯನ್ನು ಚೆಲ್ಲುತ್ತಲೇ ಇರುತ್ತದೆ, ಹಾಗಾಗಿ ಬೆಳಕನ್ನು ಹಿಡಿದಿಡುವ ಅಂಚು ಕೂಡಿಬರುವುದೇ ಇಲ್ಲ, ಕುಸಿತ ಎಂದೆಂದಿಗೂ ನಡೆಯುತ್ತಲೇ ಇರುತ್ತದೆ ಎನ್ನುವುದು ಅವರ ವಾದ. ಈ ಕ್ಷೇತ್ರದ ಹೆಚ್ಚಿನವರು ಒಪ್ಪಲಿಲ್ಲ. ನನಗೂ ಒಪ್ಪಿಗೆ ಇಲ್ಲ. ಆದರೆ ಅದು ಲೆಕ್ಕ ಹಾಕಿ ಮಾಡಿದ ವಾದ. ಅದಕ್ಕೆ ಲೆಕ್ಕ ಹಾಕಿಯೇ ಉತ್ತರ ಹೇಳಬೇಕು.

ಕೋಡಿಬೆಂಗ್ರೆಯ ಇಳಿತ

ಎರಡನೇ ಭಾನುವಾರ ಹಾಕಿಂಗ್ ಲೇಖನವನ್ನು ಕೊನೆಗೂ ಓದಿದೆವು. ಕಪ್ಪುಕುಳಿಗಳು ಇಲ್ಲ ಎನ್ನುವ ಮಾತು ಅದರಲ್ಲಿ ಇರುವುದು ಹೌದು. ಆದರೆ ಅದು ವಾಕ್ಯದ ಅರ್ಧ ಮಾತ್ರ. ‘ಬೆಳಕು ಯಾವತ್ತಿಗೂ ತಪ್ಪಿಸಿಕೊಳ್ಳಲಾರದ ಜಾಗ ಎನ್ನುವ ಅರ್ಥದಲ್ಲಿ’ ಇಲ್ಲ, ಎಂದು ಅವರು ಬರೆದಿದ್ದರು. ಮುಂದಿನ ವಾಕ್ಯದಲ್ಲೇ ಇನ್ನೊಂದು ಬಗೆಯ ಅಂಚು ಇದೆ, ಅದು ಒಂದಷ್ಟು ಕಾಲ ಉಳಿಯುತ್ತದೆ ಎಂದೂ ಇತ್ತು.

ಎರಡು ಬಗೆಯ ಅಂಚು ಎಂದರೇನು? ನಾನು ಬೋರ್ಡಿನಲ್ಲಿ ಗೆರೆ ಎಳೆದು ಒದ್ದಾಡುತ್ತಿದ್ದೆ. ಹುಡುಗಿಯ ಅಪ್ಪ ಬೋಟಿನಲ್ಲಿ ದುಡಿಯುವವರು. ಅವಳು ಕೋಡಿಬೆಂಗ್ರೆಯ ಅಳಿವೆಯನ್ನು ನೆನಪಿಸಿದಳು. ಅಲ್ಲಿ ಸೀತಾ, ಸುವರ್ಣಾ ನದಿಗಳು ಸೇರಿ ಸಮುದ್ರಕ್ಕೆ ಇಳಿಯುತ್ತವೆ. ಇಳಿತದ ಹೊತ್ತಿಗೆ ನೀರು ಹೊರಗೆ ಎಳೆಯುವ ಜೋರಿಗೆ ಸಣ್ಣ ದೋಣಿಯನ್ನು ಒಳಗೆ ಹುಟ್ಟುಹಾಕಿಕೊಂಡು ಬರಲು ಆಗುವುದಿಲ್ಲ. “ಆದ್ರೆ ಸರ್, ಆರು ಗಂಟೆ ಕಾದ್ರೆ ಉಬ್ಬರ ಬರ್ತದೆ. ಆಗ ಬರ್ಬಹುದು.”

ನಾನು ಚಾಕ್‌ಪೀಸ್ ಕೆಳಗಿಟ್ಟೆ. ಇದೇ ವ್ಯತ್ಯಾಸ. ‘ಈಗ ಹಿಂದೆ ಬರಲಾಗದು’ ಎನ್ನುವ ಗೆರೆ ಒಂದು. ‘ಎಂದೆಂದಿಗೂ ಹಿಂದೆ ಬರಲಾಗದು’ ಎನ್ನುವ ಗೆರೆ ಇನ್ನೊಂದು. ಎರಡನೆಯದನ್ನು ಎಳೆಯಬೇಕಾದರೆ ಉಬ್ಬರ ಯಾವತ್ತೂ ಬರುವುದಿಲ್ಲ ಎಂದು ಗೊತ್ತಿರಬೇಕು, ಅಂದರೆ ಮುಂದಿನ ಕಾಲವೆಲ್ಲ ಗೊತ್ತಿರಬೇಕು. ಕಪ್ಪುಕುಳಿ ನಿಧಾನವಾಗಿ ಶಕ್ತಿ ಸೋರಿ ಕರಗುತ್ತದೆ ಎಂದು 1974ರಲ್ಲಿ ತೋರಿಸಿದವರು ಹಾಕಿಂಗ್ ಅವರೇ. ಹಾಗಾದರೆ ಒಳಗೆ ಬಿದ್ದದ್ದರ ವಿವರ ಎಲ್ಲಿ ಹೋಯಿತು ಎನ್ನುವ ತೊಡಕು ಅವರನ್ನು 40 ವರ್ಷ ಕಾಡಿತು. 2014ರಲ್ಲಿ ಅವರು ಕೈಬಿಡಲು ಹೇಳಿದ್ದು ಎರಡನೇ ಗೆರೆಯನ್ನು ಮಾತ್ರ. ಅಳಿವೆಯೇ ಇಲ್ಲ ಎಂದು ಹೇಳಲಿಲ್ಲ. ನನ್ನ ಫೈಲಿನ ಪೇಪರ್ ತುಂಡು ‘ಅಳಿವೆ ಇಲ್ಲ’ ಎಂದಿತ್ತು.

ತೂಕ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಇಲ್ಲಿ ಜಗಳ ಈಗ ಹೆಚ್ಚೇನೂ ಉಳಿದಿಲ್ಲ. ಹಂಸ ನಕ್ಷತ್ರಪುಂಜದ ಸಿಗ್ನಸ್ ಎಕ್ಸ್-1 ಎನ್ನುವಲ್ಲಿ ಒಂದು ದೊಡ್ಡ ನೀಲಿ ನಕ್ಷತ್ರ ಕಾಣದ ಜೊತೆಗಾರನೊಂದಿಗೆ 5.6 ದಿನಕ್ಕೊಮ್ಮೆ ಸುತ್ತುತ್ತದೆ. ಆ ಜೊತೆಗಾರನ ತೂಕ 2021ರ ಅಳತೆಯಂತೆ ಸೂರ್ಯನ 21 ಪಟ್ಟು. ಕುಸಿದ ನಕ್ಷತ್ರದ ಇನ್ನೊಂದು ಬಗೆಯ ಗಟ್ಟಿ ಉಳಿಕೆ ನ್ಯೂಟ್ರಾನ್ ನಕ್ಷತ್ರ. ಅದು ಎರಡು-ಮೂರು ಸೂರ್ಯರಿಗಿಂತ ಹೆಚ್ಚು ತೂಗಲಾರದು, ಹಾಗಾಗಿ ಈ ಜೊತೆಗಾರ ಅದಲ್ಲ. ಇದು ಕಪ್ಪುಕುಳಿ ಅಲ್ಲ ಎಂದು 1974ರಲ್ಲಿ ಪಣ ಕಟ್ಟಿದ ಹಾಕಿಂಗ್ 1990ರಲ್ಲಿ ಸೋಲು ಒಪ್ಪಿದರು.

ಈ ಸಿಗ್ನಸ್ ಎಕ್ಸ್-1ಕ್ಕೂ ನಮ್ಮ ಜಿಲ್ಲೆಗೂ ಒಂದು ನಂಟು ಇದೆ. ನೆರೆಯವರು ಹೇಳುವ ತನಕ ಮಕ್ಕಳಿಗೆ ಗೊತ್ತಿರಲಿಲ್ಲ. ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಮೇಲೇರಿತು. ಅದರಲ್ಲಿ ಎಕ್ಸ್-ರೇ ಖಗೋಳದ ಒಂದು ಉಪಕರಣ ಇತ್ತು. ಕೆಲವೇ ದಿನಗಳಲ್ಲಿ ವಿದ್ಯುತ್ ತೊಂದರೆಯಿಂದ ಪ್ರಯೋಗಗಳು ನಿಂತವು. ಅಷ್ಟರೊಳಗೆ ಅದು ನೋಡಿದ್ದರಲ್ಲಿ ಸಿಗ್ನಸ್ ಎಕ್ಸ್-1 ಕೂಡ ಸೇರಿತ್ತು. ಭಾರತದ ಮೊದಲ ಉಪಗ್ರಹ, ಪ್ರಯೋಗಕ್ಕೆ ಸಿಕ್ಕಿದ್ದು ಅಷ್ಟು ಚಿಕ್ಕ ಹೊತ್ತು, ಆದರೂ ಅದರ ಕಣ್ಣು ಹೋದದ್ದು ಅಲ್ಲಿಗೆ.

ಇನ್ನು ನಮ್ಮ ಗೆಲಾಕ್ಸಿಯ ನಡುವೆ, ಸುಮಾರು 27,000 ಜ್ಯೋತಿರ್ವರ್ಷ ದೂರದಲ್ಲಿ, ಎಸ್2 ಎನ್ನುವ ನಕ್ಷತ್ರ ಏನೂ ಕಾಣದ ಒಂದು ಬಿಂದುವನ್ನು 16 ವರ್ಷಕ್ಕೊಮ್ಮೆ ಸುತ್ತುತ್ತದೆ. ಹತ್ತಿರ ಬಂದಾಗ ಭೂಮಿ-ಸೂರ್ಯರ ಅಂತರದ ಸುಮಾರು 120 ಪಟ್ಟು ದೂರದಲ್ಲಷ್ಟೇ ಹಾದುಹೋಗುತ್ತದೆ. ಅಷ್ಟು ಜಾಗದೊಳಗೆ 40 ಲಕ್ಷ ಸೂರ್ಯರ ತೂಕ. ಎರಡು ತಂಡಗಳು ಹತ್ತಾರು ವರ್ಷ ಕಾದು ಅಳೆದದ್ದು ಇದು. ಇಂಥ ಭಾರದ, ಕತ್ತಲ, ಚಿಕ್ಕ ವಸ್ತು ಉಂಟು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಸದ್ದು ಬಾರದ ಬಾವಿ

ಮೂರನೇ ಭಾನುವಾರ ಹುಡುಗ ಗೆದ್ದ ಮುಖ ಮಾಡಿಕೊಂಡು ಬಂದ. ತೂಕ ಸಿಕ್ಕಿತಲ್ಲ, ಮುಗಿಯಿತಲ್ಲ? ನಾನು ಅವನನ್ನು ಹಿತ್ತಲಿನ ಕೆಂಪುಕಲ್ಲಿನ ಬಾವಿಯ ಹತ್ತಿರ ಕರೆದುಕೊಂಡು ಹೋದೆ.

ಬಾವಿಗೆ ಕಲ್ಲು ಹಾಕಿದರೆ ‘ಡುಬುಕ್’ ಎನ್ನುತ್ತದೆ. ನೀರು ಇದೆ ಎಂದು ಗೊತ್ತಾಗುತ್ತದೆ. ನ್ಯೂಟ್ರಾನ್ ನಕ್ಷತ್ರವೂ ಹಾಗೇ. ಜೊತೆಗಾರ ನಕ್ಷತ್ರದಿಂದ ಅದರ ಮೇಲೆ ಅನಿಲ ಬೀಳುತ್ತದೆ. ಅದಕ್ಕೆ ಗಟ್ಟಿ ಮೈ ಇದೆ. ಅನಿಲ ಆ ಮೈ ಮೇಲೆ ಕೂಡಿಕೊಂಡು ಒಂದು ಹಂತದಲ್ಲಿ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ನಮಗೆ ಎಕ್ಸ್-ರೇಯ ಮಿಂಚು ಕಾಣುತ್ತದೆ. ಕಪ್ಪುಕುಳಿ ಎಂದು ಕರೆಯುವ ವಸ್ತುಗಳ ಮೇಲೂ ಹೀಗೇ ಅನಿಲ ಬೀಳುತ್ತದೆ. ಆದರೆ ಆ ಬಗೆಯ ಮಿಂಚು ಒಮ್ಮೆಯೂ ಕಂಡಿಲ್ಲ. ಬಿದ್ದದ್ದು ಬಿದ್ದ ಹಾಗೇ ಮಾಯ. 1990ರ ದಶಕದಲ್ಲಿ ರಮೇಶ್ ನಾರಾಯಣ್ ಮತ್ತು ಅವರ ಜೊತೆಯವರು ಇನ್ನೊಂದು ವ್ಯತ್ಯಾಸವನ್ನೂ ತೋರಿಸಿದರು. ಅನಿಲ ಕಡಿಮೆ ಬೀಳುವ ಹೊತ್ತಿನಲ್ಲಿ ನ್ಯೂಟ್ರಾನ್ ನಕ್ಷತ್ರಗಳಿಗಿಂತ ಕಪ್ಪುಕುಳಿಗಳು ತುಂಬಾ ಮಸುಕು. ಮೈ ಇಲ್ಲ, ಅಂಚು ಮಾತ್ರ ಇದೆ ಎನ್ನುವುದಕ್ಕೆ ಇದು ಬಲವಾದ ಸುಳಿವು.

“ಆದರೆ ಬಾವಿಯಲ್ಲಿ ಹೂಳು ತುಂಬಿದ್ದರೂ ಸದ್ದು ಬರುವುದಿಲ್ಲ” ಎಂದರು ನೆರೆಯವರು. ಅವರ ಮನೆಯ ಹಳೆಯ ಬಾವಿ ಹಾಗೇ ಆಗಿದೆ. 2002ರಲ್ಲಿ ಅಬ್ರಮೋವಿಚ್, ಕ್ಲುಜ್ನಿಯಾಕ್, ಲಸೋಟಾ ಎನ್ನುವ ಮೂವರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಅಂಚು ಇದೆ ಎಂದು ಬೆಳಕನ್ನು ನೋಡಿ ಸಾಬೀತು ಮಾಡುವುದು ಸಾಧ್ಯವೇ ಇಲ್ಲ ಎಂದು ಅವರು ಬರೆದರು. ಅವರೇನೂ ಕಪ್ಪುಕುಳಿಯ ವಿರೋಧಿಗಳಲ್ಲ, ಜೀವನವಿಡೀ ಅದನ್ನೇ ಅಧ್ಯಯನ ಮಾಡಿದವರು. ಅಂಚಿನಿಂದ ಕೂದಲೆಳೆ ಹೊರಗೆ ಒಂದು ಮೈ ಇದ್ದರೆ, ಅಲ್ಲಿಂದ ಹೊರಡುವ ಬೆಳಕು ಏರಿ ಬರುವಷ್ಟರಲ್ಲಿ ಪೂರ್ತಿ ಸೋತುಹೋಗಿರುತ್ತದೆ. ನಮಗೆ ಕತ್ತಲೆಯೇ ಕಾಣುತ್ತದೆ. ಅಂಥ ಒಂದು ವಸ್ತುವನ್ನು ಮಜೂರ್ ಮತ್ತು ಮೊಟ್ಟೋಲಾ 2001ರಲ್ಲಿ ಕಾಗದದ ಮೇಲೆ ಕಟ್ಟಿಯೂ ಇದ್ದರು. ಅದರ ಹೆಸರು ಗ್ರಾವಸ್ಟಾರ್. ಅದರಲ್ಲಿ ಅಂಚೂ ಇಲ್ಲ, ನಡುವೆ ಸಿಂಗ್ಯುಲಾರಿಟಿಯೂ (ಒತ್ತು ಮಿತಿಯಿಲ್ಲದೆ ಏರಿ ಲೆಕ್ಕವೇ ಕೈಕೊಡುವ ಜಾಗ) ಇಲ್ಲ.

ಹುಡುಗನ ಮುಖ ಸಪ್ಪಗಾಯಿತು. ಅವನಿಗೆ ಫೋಟೋದ ಮೇಲೆ ಭರವಸೆ ಇತ್ತು. ಅದನ್ನೂ ತೆಗೆದು ನೋಡಿದೆವು. ಭೂಮಿಯ ಬೇರೆ ಬೇರೆ ಕಡೆಯ 8 ರೇಡಿಯೊ ದೂರದರ್ಶಕಗಳು 2017ರ ಏಪ್ರಿಲ್‌ನಲ್ಲಿ ಒಟ್ಟಿಗೆ ಎಂ87 ಗೆಲಾಕ್ಸಿಯ ನಟ್ಟನಡುವಿನ ಕಡೆ ನೋಡಿದವು. ದತ್ತಾಂಶ ಇಂಟರ್‌ನೆಟ್ಟಿನಲ್ಲಿ ಕಳಿಸಲಾರದಷ್ಟು ದೊಡ್ಡದು, ಹಾರ್ಡ್ ಡಿಸ್ಕುಗಳನ್ನು ವಿಮಾನದಲ್ಲಿ ಸಾಗಿಸಿದರು. ನಾಲ್ಕು ತಂಡಗಳು ಒಂದಕ್ಕೊಂದು ಹೇಳದೆ ಬೇರೆ ಬೇರೆಯಾಗಿ ಚಿತ್ರ ಕಟ್ಟಿದವು. ನಾಲ್ಕರಲ್ಲೂ ಉಂಗುರ ಬಂತು. 2019ರ ಏಪ್ರಿಲ್ 10ರಂದು ಜಗತ್ತು ನೋಡಿದ್ದು ಅದನ್ನು. ಆ ಹೊಳೆಯುವ ಉಂಗುರ ಬಿಸಿ ಅನಿಲದ ಬೆಳಕು. ನಡುವಿನ ಕಪ್ಪು ಅಂಚಲ್ಲ, ಅದರ ನೆರಳು. ಅಂಚಿಗಿಂತ ಸುಮಾರು ಎರಡೂವರೆ ಪಟ್ಟು ಅಗಲ. ಐನ್‌ಸ್ಟೈನ್ ಸಿದ್ಧಾಂತ ಹೇಳಿದ ಗಾತ್ರದಲ್ಲೇ ನೆರಳು ಸಿಕ್ಕಿದ್ದು ದೊಡ್ಡ ಸಾಧನೆ. ಆದರೆ ಹೂಳಿನ ಬಾವಿಯೂ ಮೇಲಿನಿಂದ ಕಪ್ಪಾಗೇ ಕಾಣುತ್ತದೆ, ಅಲ್ವಾ?

ಆಮೇಲೆ ಹುಡುಗನೇ ಒಂದು ಮುಖ್ಯ ವಿಷಯ ಹುಡುಕಿ ತಂದ. 2020ರ ನೊಬೆಲ್‌ನ ಒಕ್ಕಣೆ. ಪೆನ್‌ರೋಸ್ ಅವರಿಗೆ ಕೊಟ್ಟದ್ದು, ಕಪ್ಪುಕುಳಿ ಆಗುವುದು ಐನ್‌ಸ್ಟೈನ್ ಅವರ ಸಾಪೇಕ್ಷ ಸಿದ್ಧಾಂತದ ಗಟ್ಟಿ ಮುನ್ಸೂಚನೆ ಎಂದು ತೋರಿಸಿದ್ದಕ್ಕೆ. ಅಂದರೆ ಗಣಿತಕ್ಕೆ. ಎಸ್2 ನಕ್ಷತ್ರವನ್ನು ಅಳೆದ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ ಅವರ ಒಕ್ಕಣೆಯಲ್ಲಿ ಕಪ್ಪುಕುಳಿ ಎನ್ನುವ ಪದವೇ ಇಲ್ಲ. ‘ಗೆಲಾಕ್ಸಿಯ ನಡುವೆ ಅತಿ ಭಾರದ ಒತ್ತಾದ ವಸ್ತು’ ಎಂದಷ್ಟೇ ಇದೆ. ಹುಡುಗ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದ. “ಅವರು ಕೂಡ ಜಾಗ್ರತೆಯಲ್ಲಿ ಬರೆದಿದ್ದಾರೆ ಸರ್” ಎಂದ. ತೀರ್ಪುಗಾರರ ಎರಡನೇ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು.

ತೆಂಗಿನಕಾಯಿ ಕುಟ್ಟಿ ನೋಡಿದ ಹಾಗೆ

ಕೊನೆಯ ಭಾನುವಾರ ನನಗೆ ಅತಿ ಇಷ್ಟದ್ದು. ಬೆಳಕಿನಿಂದ ತಿಳಿಯದಿದ್ದರೆ ಬಡಿದು ಕೇಳಬಹುದಾ?

ನಮ್ಮಲ್ಲಿ ತೆಂಗಿನಕಾಯಿಯನ್ನು ಬೆರಳಲ್ಲಿ ಬಡಿದು ಕೇಳುತ್ತೇವೆ. ಒಳಗೆ ನೀರು ಎಷ್ಟು, ಕಾಯಿ ಬಲಿತಿದೆಯಾ ಎಂದು ಸದ್ದೇ ಹೇಳುತ್ತದೆ. ಕಪ್ಪುಕುಳಿಗೆ ಇದೇ ಪ್ರಶ್ನೆ ಕೇಳಿದವರು ನಮ್ಮ ಕನ್ನಡದವರು, ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ. 1970ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಹೀಗೆ: ಕಪ್ಪುಕುಳಿಯನ್ನು ಗುರುತ್ವದ ಅಲೆಯೊಂದು (ಭಾರದ ವಸ್ತುಗಳ ಚಲನೆಯಿಂದ ದೇಶ-ಕಾಲದಲ್ಲೇ ಏಳುವ ಕಂಪನ) ಬಡಿದರೆ, ಅದು ತನ್ನದೇ ಸ್ವರದಲ್ಲಿ ಒಂದಿಷ್ಟು ಹೊತ್ತು ಮಿಡಿದು ಬೇಗ ಸುಮ್ಮನಾಗುತ್ತದೆ. ಆ ಸ್ವರದಲ್ಲಿ ಅದರ ತೂಕ ಅಡಗಿರುತ್ತದೆ. ಆಗ ಅಂಥ ಅಲೆಯನ್ನು ಹಿಡಿಯುವ ಸಾಧನವೇ ಜಗತ್ತಿನಲ್ಲಿ ಇರಲಿಲ್ಲ. ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರು ಇವರೇ.

45 ವರ್ಷ ಕಳೆಯಿತು. 2015ರ ಸೆಪ್ಟೆಂಬರ್ 14ರಂದು, ಗುರುತ್ವದ ಅಲೆ ಹಿಡಿಯಲು ಅಮೆರಿಕದಲ್ಲಿ ಕಟ್ಟಿದ ಲೈಗೋ ಸಾಧನ 36 ಮತ್ತು 29 ಸೂರ್ಯರ ತೂಕದ ಎರಡು ವಸ್ತುಗಳು ಸುತ್ತಿ ಸೇರಿ ಒಂದಾದದ್ದನ್ನು ಕೇಳಿಸಿಕೊಂಡಿತು. ಕೊನೆಯಲ್ಲಿ ಆ ಮಿಡಿತ, ಆಮೇಲೆ ಮೌನ. 2016ರ ಫೆಬ್ರವರಿಯಲ್ಲಿ ಇದು ಪ್ರಕಟವಾದಾಗ ವಿಶ್ವೇಶ್ವರ ಇನ್ನೂ ನಮ್ಮ ಜೊತೆ ಇದ್ದರು. 2017ರ ಜನವರಿಯಲ್ಲಿ ತೀರಿಕೊಂಡರು. ತಾನು ಕಾಗದದ ಮೇಲೆ ಬರೆದ ಸ್ವರವನ್ನು ಆಕಾಶ ನುಡಿಸಿದ್ದನ್ನು ಕೇಳಿ ಹೋದರು ಎಂದು ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

ಈ ಮಿಡಿತ ಹೂಳಿನ ಪ್ರಶ್ನೆಗೂ ಸಂಬಂಧಪಟ್ಟದ್ದು. ಅಂಚಿನ ಹೊರಗೆ ಗಟ್ಟಿ ಮೈ ಇದ್ದರೆ, ಒಳಗೆ ಹೋದ ಅಲೆ ಅದಕ್ಕೆ ತಾಗಿ ತಿರುಗಿ ಬರಬೇಕು. ಪ್ರತಿಧ್ವನಿ ಕೇಳಬೇಕು. 2016ರ ಕೊನೆಗೆ ಒಂದು ತಂಡ ಪ್ರತಿಧ್ವನಿಯ ಸುಳಿವು ಸಿಕ್ಕಿದೆ ಎಂದಿತು. ಬೇರೆಯವರು ಮತ್ತೆ ಹುಡುಕಿದಾಗ ಗಟ್ಟಿಯಾಗಿ ಏನೂ ಸಿಗಲಿಲ್ಲ. 2025ರ ಜನವರಿ 14ರಂದು ಇನ್ನೂ ಎಷ್ಟೋ ಸ್ಪಷ್ಟವಾದ ಒಂದು ಅಲೆ ಬಂತು. ಅದರಲ್ಲಿ ಒಂದಕ್ಕಿಂತ ಹೆಚ್ಚು ಸ್ವರ ಬಿಡಿಬಿಡಿಯಾಗಿ ಕೇಳಿಸಿತು. ಎಲ್ಲವೂ ಕಪ್ಪುಕುಳಿಗೆ ಹೇಳಿದ ಸ್ವರಗಳೇ. ಸೇರುವ ಮೊದಲು ಎರಡರ ಅಂಚಿನ ವಿಸ್ತೀರ್ಣ ಕೂಡಿಸಿದರೆ ಸುಮಾರು 2.4 ಲಕ್ಷ ಚದರ ಕಿ.ಮೀ. ಸೇರಿದ ಮೇಲೆ ಸುಮಾರು 4 ಲಕ್ಷ. ಕರ್ನಾಟಕಕ್ಕಿಂತ ತುಸು ದೊಡ್ಡದಿದ್ದದ್ದು ಎರಡು ಕರ್ನಾಟಕದಷ್ಟಾಯಿತು. ಈ ವಿಸ್ತೀರ್ಣ ಕಡಿಮೆ ಆಗಬಾರದು ಎಂದು 1971ರಲ್ಲಿ ಹೇಳಿದವರು ಮತ್ತೆ ಹಾಕಿಂಗ್.

ಒಳಗಿನ ಸಿಂಗ್ಯುಲಾರಿಟಿಯ ವಿಷಯಕ್ಕೆ ನಾವು ಹೆಚ್ಚು ಹೊತ್ತು ಕೊಡಲಿಲ್ಲ. ಕೋಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿ 1955ರಲ್ಲಿ ಕೊಟ್ಟ ಸಮೀಕರಣ ಹಿಡಿದು ಪೆನ್‌ರೋಸ್ 1965ರಲ್ಲಿ ಕುಸಿತ ಅಲ್ಲಿಗೆ ಮುಟ್ಟುತ್ತದೆ ಎಂದು ತೋರಿಸಿದರು. ಅಲ್ಲಿ ಸಿದ್ಧಾಂತವೇ ಕೈಚೆಲ್ಲುತ್ತದೆ. ಸುತ್ತುವ ಕಪ್ಪುಕುಳಿಯ ಲೆಕ್ಕ ಕೊಟ್ಟ ರಾಯ್ ಕೆರ್ ಅವರೇ 2023ರಲ್ಲಿ, 89ರ ವಯಸ್ಸಿನಲ್ಲಿ, ಒಳಗೆ ಸಿಂಗ್ಯುಲಾರಿಟಿ ಇರಲೇಬೇಕು ಎನ್ನುವುದು ಸಾಬೀತಾಗಿಲ್ಲ ಎಂದು ಬರೆದರು. ಅಲ್ಲಿ ನಿಜಕ್ಕೂ ಚರ್ಚೆ ತೆರೆದೇ ಇದೆ.

ತೀರ್ಮಾನ, ನಂತರ

ಹಾಗಾದರೆ ಕೆಂಪು ಪೆನ್ನಿನ ಮಾತು? ನಾನು ಹೀಗೆ ಬರೆದು ಸಂಘಟಕರಿಗೆ ಕಳಿಸಿದೆ. 6 ಅಂಕವನ್ನು ಬದಲಿಸಬೇಡಿ. ಅರ್ಧ ವಾಕ್ಯ ನಂಬಿ ಮಾತಾಡಿದ್ದಕ್ಕೆ ಅದು ಸರಿ, ಅದರ ಹೊಣೆ ನನ್ನದು. ಆದರೆ ‘ವೈಜ್ಞಾನಿಕ ಮನೋಭಾವಕ್ಕೆ ವಿರುದ್ಧ’ ಎನ್ನುವುದನ್ನು ತೆಗೆಯಿರಿ. ಅಂಚು ನಿಜಕ್ಕೂ ಇದೆಯಾ ಎಂದು ಕೇಳುವುದು ಈ ಕ್ಷೇತ್ರದ ಒಳಗಿನವರೇ ಕೇಳುವ ಪ್ರಶ್ನೆ. ಅವಳ ತಪ್ಪು ಉತ್ತರದಲ್ಲಿತ್ತು, ಪ್ರಶ್ನೆಯಲ್ಲಿ ಅಲ್ಲ.

ಒಂದು ವಾರದ ಮೇಲೆ ತೀರ್ಪುಗಾರರೇ ಫೋನ್ ಮಾಡಿದರು. ಒಳ್ಳೆಯ ಮನುಷ್ಯ. ನೊಬೆಲ್ ಒಕ್ಕಣೆಯ ಮಾತು ಒಪ್ಪಿದರು, ತಾನು ಅದನ್ನು ಓದಿರಲಿಲ್ಲ ಎಂದರು. ಷರಾ ತೆಗೆಯಲು ಒಪ್ಪಲಿಲ್ಲ. “ಮಕ್ಕಳ ಬಾಯಲ್ಲಿ ‘ವಿಜ್ಞಾನಿಗಳೇ ಇಲ್ಲ ಅಂತಾರೆ’ ಅಂತ ಬಂದ್ರೆ ನನಗೆ ಹೆದರಿಕೆ ಆಗ್ತದೆ. ಕೇಳಿದವರು ಪ್ರಶ್ನೆ ಮರೀತಾರೆ, ‘ಇಲ್ಲ’ ಮಾತ್ರ ನೆನಪಿಟ್ಟುಕೊಳ್ತಾರೆ” ಎಂದರು. ಆ ಹೆದರಿಕೆ ಸುಳ್ಳಲ್ಲ. ಆದರೂ ನಾನು ನನ್ನ ಮಾತಿಗೇ ನಿಂತಿದ್ದೇನೆ. ಹಾಳೆ ಹಾಗೇ ಇದೆ.

ಜನವರಿಯಲ್ಲಿ ಹುಡುಗಿ ತನ್ನ ಊರಿನ ವಾಚನಾಲಯದಲ್ಲಿ ಮತ್ತೆ ಮಾತಾಡಿದಳು. ಹೊಸ ಭಾಷಣ. ಅಳಿವೆ, ಬಾವಿ, ತೆಂಗಿನಕಾಯಿ ಎಲ್ಲ ಬಂದವು. ಮೂವತ್ತು ಜನ ಇದ್ದರೇನೋ. ಅವಳ ಅಪ್ಪ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮುಗಿದ ಮೇಲೆ ಅವರೇ ತುಳುವಿನಲ್ಲಿ ಕೇಳಿದರು: “ಅವು ಉಂಡಾ, ಇಜ್ಜಾ?”

ಈ ಸಲ ಅವಳು ಸುಮ್ಮನಾಗಲಿಲ್ಲ. ಭಾರದ್ದು, ಕತ್ತಲಿನದ್ದು ಒಂದು ಉಂಟು, ಅದನ್ನು ತೂಗಿಯೂ ನೋಡಿದ್ದಾರೆ ಎಂದಳು. ಬಡಿದರೆ ಕಪ್ಪುಕುಳಿಯ ಹಾಗೇ ಸದ್ದು ಮಾಡುತ್ತದೆ ಎಂದಳು. ತಳದಲ್ಲಿ ಹೂಳು ಉಂಟಾ ಎಂದು ಹೇಳಲು ಇನ್ನೂ ಸೂಕ್ಷ್ಮ ಕಿವಿ ಬೇಕು, ಮಹಾರಾಷ್ಟ್ರದ ಹಿಂಗೋಲಿಯಲ್ಲಿ ನಾಲ್ಕು ಕಿ.ಮೀ. ಉದ್ದದ ತೋಳುಗಳ ಒಂದು ಲೈಗೋ ನಮ್ಮ ದೇಶದಲ್ಲೂ ಬರಲಿದೆ ಎಂದಳು.

ಅಪ್ಪ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಕೇಳಿದರು, ಹಿಂಗೋಲಿಗೆ ಇಲ್ಲಿಂದ ರೈಲು ಉಂಟಾ ಎಂದು.